ಕಲಾಯಿಗಾರನ ಸರದಿ

"ಗುರುಗಳೇ, ಹುಣ್ಣಿಮೆಗೊಮ್ಮೆ ಬರುವ ಬದಲು ಇನ್ನು ಮುಂದೆ ವಾರಕ್ಕೊಮ್ಮೆ ಬರಲೇ?"

ಕೇಳಿದವನು ಮರುಳಪ್ಪ, ನೂಲಿನ ವ್ಯಾಪಾರಿ. ಆರು ವರ್ಷಗಳಿಂದ ಪ್ರತಿ ಹುಣ್ಣಿಮೆಯ ದಿನ ತನ್ನ ಊರಿನಿಂದ ನಡೆದು ಬಂದು, ಗುರುಗಳ ಎದುರು ಕೂತು, ಯೋಚಿಸಿಟ್ಟುಕೊಂಡ ಒಂದು ಪ್ರಶ್ನೆಯನ್ನು ಕೇಳಿ, ಉತ್ತರ ಪಡೆದು ಹಿಂತಿರುಗುತ್ತಿದ್ದ. ಮಳೆಯೆಂದು ತಪ್ಪಿಸಿದವನಲ್ಲ. ಮಗಳ ಮದುವೆಯ ತಿಂಗಳಲ್ಲೂ ತಪ್ಪಿಸಿದವನಲ್ಲ.

"ಯಾಕೆ, ತಿಂಗಳಿಗೊಮ್ಮೆ ಸಾಲದೇ?" ಎಂದರು ಗುರುಗಳು.

"ಇಲ್ಲಿ ಕೂತಿರುವಷ್ಟು ಹೊತ್ತು ಮನಸ್ಸು ತಿಳಿಯಾಗಿರುತ್ತದೆ. ಊರಿಗೆ ಹೋದ ಮೇಲೆ ಹಾಗಿರುವುದಿಲ್ಲ. ಆರು ವರ್ಷ ಬಂದರೂ ನನ್ನಲ್ಲಿ ಏನೂ ಬದಲಾದಂತೆ ಕಾಣುವುದಿಲ್ಲ. ಬರುವ ದಿನಗಳನ್ನು ಹತ್ತಿರ ಮಾಡಿಕೊಂಡರೆ ಸರಿಹೋದೀತೇನೋ ಎಂದು."

ಗುರುಗಳು ನಕ್ಕರು. "ನೀನು ವಾರಕ್ಕೊಮ್ಮೆ ಬಂದರೆ ನನಗೇನೂ ಕಷ್ಟವಿಲ್ಲ. ಮಾತಿಗೆ ಜನ ಸಿಕ್ಕ ಹಾಗಾಯಿತು. ಆದರೆ ದಿನ ಗೊತ್ತುಮಾಡುವ ಮುಂಚೆ ಒಬ್ಬ ಕಲಾಯಿಗಾರನ ಕತೆ ಕೇಳು. ಅವನೂ ನಿನ್ನ ಹಾಗೆ ದಿನ ತಪ್ಪದ ಮನುಷ್ಯ," ಎಂದು ಹೇಳತೊಡಗಿದರು.

ಒಬ್ಬ ಕಲಾಯಿಗಾರನಿದ್ದ. ಹಿತ್ತಾಳೆ ಪಾತ್ರೆಯ ಒಳಮೈಗೆ ತವರ ಬಳಿಯುವುದು ಅವನ ಕಸುಬು. ತವರದ ಬಿಳುಪು ಇರುವ ತನಕ ಪಾತ್ರೆಯಲ್ಲಿ ಹುಳಿ ಬೇಯಿಸಬಹುದು. ತವರ ಸವೆದು ಹಿತ್ತಾಳೆಯ ಹಳದಿ ಕಾಣಿಸಿಕೊಂಡರೆ ಹುಳಿ ಅದಕ್ಕೆ ತಾಗಿ ಹಸಿರು ಕಿಲುಬು ಏಳುತ್ತದೆ. ಅದನ್ನು ಉಂಡವರಿಗೆ ವಾಂತಿಯಾಗುತ್ತದೆ. ನೀನು ಅಡುಗೆಮನೆಯ ಕಡೆ ತಲೆಹಾಕುವವನಲ್ಲ, ಅದಕ್ಕೇ ಇಷ್ಟನ್ನು ಬಿಡಿಸಿ ಹೇಳಿದೆ.

ಅವನೂ ಅವನ ಹೆಂಡತಿಯೂ ಹನ್ನೊಂದು ವರ್ಷ ಊರೂರು ತಿರುಗಿದರು. ಅವಳು ತಿದಿ ಒತ್ತಿ ಬೆಂಕಿ ಏಳಿಸುತ್ತಿದ್ದಳು, ಅವನು ಕಾದ ಪಾತ್ರೆಗೆ ತವರ ಬಳಿಯುತ್ತಿದ್ದ. ಒಂದು ಊರಿಗೆ ಹೋದರೆ ಮೊನ್ನೆಯಷ್ಟೇ ಬೇರೊಬ್ಬ ಕಲಾಯಿಗಾರ ಬಂದು ಹೋಗಿರುತ್ತಿದ್ದ. ಇನ್ನೊಂದು ಊರಿಗೆ ಹೋದರೆ ಪಾತ್ರೆಗಳೆಲ್ಲ ಹಸಿರಾಗಿ, ಮಕ್ಕಳು ಹೊಟ್ಟೆ ಹಿಡಿದುಕೊಂಡು ಮಲಗಿರುತ್ತಿದ್ದವು. ಈಗ ಬಂದೆಯಾ ಎಂದು ಹೆಂಗಸರು ಅವನನ್ನೇ ಬೈಯುತ್ತಿದ್ದರು. ಅವನು ತಲೆ ತಗ್ಗಿಸಿ ಬೈಸಿಕೊಂಡು, ಗುಳಿ ತೋಡಿ, ಇದ್ದಲು ತುಂಬಿ ಕೆಲಸಕ್ಕೆ ಕೂರುತ್ತಿದ್ದ.

ಒಂದು ದಿನ ದಾರಿಯಲ್ಲಿ ಹೆಂಡತಿ ತಲೆಯ ಮೇಲಿನ ಗಂಟನ್ನು ಕೆಳಗಿಟ್ಟು ಕೂತುಬಿಟ್ಟಳು.

"ನಂಗೆ ಒಂದು ಬಾಗ್ಲು ಬೇಕು," ಅಂದಳು. "ಬೆಳಿಗ್ಗೆ ನಾನು ತೆಗ್ದಿದ್ದನ್ನೇ ಸಾಯಂಕಾಲ ನಾನೇ ಹಾಕ್ಬೇಕು. ಅಂಥದ್ದು ಒಂದು ಬಾಗ್ಲು."

"ಬಾಗ್ಲೇನೋ ಸಿಕ್ಕೀತು. ಬಾಗ್ಲು ಇರೋ ಕಡೆ ಕೆಲ್ಸನೂ ಇರ್ಬೇಕಲ್ಲ," ಅಂದ ಅವನು.

ಹೆಂಡತಿ ಏಳಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳು ಏನನ್ನೂ ಕೇಳಿದವಳಲ್ಲ. ಅವನು ಅವಳ ಪಕ್ಕದಲ್ಲಿ ಕೂತು, ಒಂದೇ ಕಡೆ ಇದ್ದುಕೊಂಡು ಬದುಕುವುದು ಹೇಗೆ ಎಂದು ಮೊದಲ ಸಲ ಯೋಚನೆ ಮಾಡಿದ.

ಹತ್ತಿರದಲ್ಲಿ ಒಂದು ದೊಡ್ಡ ಊರಿತ್ತು. ಅದರ ಸುತ್ತ ಮೂರು ಸಣ್ಣ ಊರುಗಳು. ನಾಲ್ಕೂ ಊರು ಸೇರಿದರೆ ಇನ್ನೂರಕ್ಕೂ ಹೆಚ್ಚು ಮನೆ. ಪ್ರತಿ ಮನೆಯೂ ಗೊತ್ತಾದ ದಿನದಲ್ಲಿ ಪಾತ್ರೆ ಕೊಟ್ಟರೆ ಅವನು ದಿನವೂ ಬೆಳಿಗ್ಗೆ ಹೋಗಿ ಸಾಯಂಕಾಲದೊಳಗೆ ಹೆಂಡತಿಯ ಬಾಗಿಲಿಗೆ ಹಿಂತಿರುಗಬಹುದು. ದೊಡ್ಡ ಊರಿನ ಸಾಹುಕಾರನ ಹಳೆಯ ಗಾಣದ ಮನೆ ಖಾಲಿ ಬಿದ್ದಿತ್ತು. ಕಲಾಯಿಗಾರ ಹೋಗಿ ಕೇಳಿದ. ಸಾಹುಕಾರ ಒಳ್ಳೆಯವನು, ಆದರೆ ಬಾಯಿ ಜೋರು. "ಇರು. ಊರಿಗೆ ನಿನ್ನಿಂದ ಉಪಯೋಗ ಇರೋ ತನಕ ಇರು," ಅಂದ.

ಅಂತೂ ಬಾಗಿಲು ಸಿಕ್ಕಿತು. ಅದನ್ನು ಉಳಿಸಿಕೊಳ್ಳುವುದು ಬಾಕಿ ಇತ್ತು.

ಕಲಾಯಿಗಾರ ಮನೆಮನೆಗೆ ಹೋಗಿ, ಇಷ್ಟು ದಿನಕ್ಕೊಮ್ಮೆ ಬರುತ್ತೇನೆ, ಒಂದು ದಿನ ಗೊತ್ತುಮಾಡಿಕೊಡಿ ಎಂದು ಕೇಳಿದ. ಯಾರೂ ಒಪ್ಪಲಿಲ್ಲ. ಬೇಕಾದಾಗ ಹೇಳಿ ಕಳಿಸುತ್ತೇವೆ ಎಂದರು. ನೀವು ಹೇಳಿ ಕಳಿಸುವ ಹೊತ್ತಿಗೆ ಕಿಲುಬು ಬಂದಿರುತ್ತದೆ ತಾಯಿ ಎಂದ. ಇವನಿಗೆ ಕೆಲಸ ಬೇಕು, ಅದಕ್ಕೇ ಹೆದರಿಸುತ್ತಿದ್ದಾನೆ ಎಂದು ನಕ್ಕರು. ಅದೂ ಸುಳ್ಳಲ್ಲ. ಅವನಿಗೆ ಕೆಲಸ ಬೇಕಿತ್ತು, ಅವನು ಹೇಳಿದ್ದೂ ನಿಜವಾಗಿತ್ತು.

ಆಮೇಲೆ ಅವನು ಒಪ್ಪಿಗೆ ಕೇಳುವುದನ್ನೇ ಬಿಟ್ಟ. ಕೆಲಸ ಮುಗಿಸಿ ಪಾತ್ರೆಯನ್ನು ಹಿಂದಕ್ಕೆ ಕೊಡುವಾಗ, ಮತ್ತೆ ಬರುವ ದಿನವನ್ನು ತಾನೇ ಹೇಳತೊಡಗಿದ. ಆ ಜನ ತಾರೀಕು ನೆನಪಿಡುವವರಲ್ಲ. ಆದರೆ ಸಂತೆಯನ್ನು ಮರೆತವರು ಯಾರೂ ಇರಲಿಲ್ಲ. ಅದಕ್ಕೆ ಅವನು ಸಂತೆಯ ಲೆಕ್ಕದಲ್ಲಿ ಹೇಳುತ್ತಿದ್ದ. ನಿಮ್ಮ ಬೀದಿಗೆ ಯುಗಾದಿ ಕಳೆದು ಎರಡನೇ ಸಂತೆಯ ಮಾರನೇ ದಿನ. ನಿಮಗೆ ಮೂರನೇ ಸಂತೆಯ ಮಾರನೇ ದಿನ. ಹೆಂಡತಿ ಹಿಂದಿನ ದಿನವೇ ಬಾವಿಕಟ್ಟೆಯಲ್ಲಿ ಆ ಬೀದಿಯ ಹೆಂಗಸರನ್ನು ಕಂಡು, ನಾಳೆ ನಿಮ್ಮ ಬೀದಿ ಎಂದು ಒಂದು ಮಾತು ಹಾಕಿ ಬರುತ್ತಿದ್ದಳು. ಬಿಂದಿಗೆ ತುಂಬುವ ಹೊತ್ತಿನಲ್ಲಿ ಆಗಿಹೋಗುವ ಕೆಲಸ.

ಹೇಳಿದ ದಿನ ಅವನು ಹೋಗುತ್ತಿದ್ದ. ಪಾತ್ರೆ ಕೊಟ್ಟರೂ ಹೋಗುತ್ತಿದ್ದ, ಕೊಡದಿದ್ದರೂ ಹೋಗುತ್ತಿದ್ದ. ಮೊದಲನೇ ಸಲ ನಾಲ್ಕು ಮನೆ ಕೊಟ್ಟವು. ಎರಡನೇ ಸಲ ಹದಿನೈದು. ಮೂರನೇ ಸಲಕ್ಕೆ ಅವನು ಬರುವ ಮುಂಚೆಯೇ ಬೀದಿಯ ತುದಿಯ ಬೇವಿನ ಮರದ ಕೆಳಗೆ ಪಾತ್ರೆಗಳು ಸಾಲಾಗಿ ಕೂತಿದ್ದವು. ನಾಳೆ ಬಾ ಎಂದವರಿಗೆ, ನಾಳೆ ಬೇರೆ ಬೀದಿಯ ಸರದಿ ತಾಯಿ ಎನ್ನುತ್ತಿದ್ದ. ಹಾಗೆ ಹೇಳುವಾಗ ಅವನಿಗೆ ಒಳಗೊಳಗೇ ಹಿಗ್ಗಾಗುತ್ತಿತ್ತು.

ಎಲ್ಲ ಮನೆಗೂ ಒಂದೇ ಸರದಿ ಆಗುವುದಿಲ್ಲ. ಹಾಲು ಕುಡಿದು ಮಲಗುವ ಮುದುಕ ಮುದುಕಿಯ ಮನೆಯ ಪಾತ್ರೆ ಬೇಗ ಸವೆಯುವುದಿಲ್ಲ. ಎರಡು ಹೊತ್ತೂ ಹುಳಿ ಕುದಿಯುವ ಮನೆಯದು ಸವೆಯುತ್ತದೆ. ಹಾಗಾಗಿ ಅವನು ಪಾತ್ರೆಯನ್ನು ಬಿಸಿಲಿಗೆ ಹಿಡಿದು ಒಳಗೆ ನೋಡುತ್ತಿದ್ದ. ಹಳದಿ ಇಣುಕಿದ್ದರೆ ಎರಡು ತಿಂಗಳು. ಅಲ್ಲಲ್ಲಿ ತೆಳುವಾಗಿದ್ದರೆ ಮೂರು ತಿಂಗಳು. ಬಿಳುಪು ಹಾಗೇ ಇದ್ದರೆ ನಾಲ್ಕು.

ಒಂದು ವರ್ಷ ಕಳೆಯಿತು. ನಾಲ್ಕೂ ಊರಲ್ಲಿ ಒಂದು ಮಗುವಿಗೂ ಕಿಲುಬಿನ ವಾಂತಿ ಆಗಲಿಲ್ಲ. ಕಲಾಯಿಗಾರನಿಗೆ ವಾರದ ಏಳು ದಿನದಲ್ಲಿ ಆರು ದಿನ ಕೆಲಸವಿತ್ತು. ಹೆಂಡತಿ ಬೆಳಿಗ್ಗೆ ಬಾಗಿಲು ತೆಗೆದು ಸಾಯಂಕಾಲ ಹಾಕುತ್ತಿದ್ದಳು. ಕೆಲಸವಿಲ್ಲದ ದಿನ ಸುಮ್ಮನೆ ಎರಡು ಸಲ ಹೆಚ್ಚಿಗೆ ತೆಗೆದು ಹಾಕುತ್ತಿದ್ದಳಂತೆ. ಕತೆ ಇಲ್ಲಿಗೇ ಮುಗಿದಿದ್ದರೆ, ಮರುಳಪ್ಪ, ನಾನೂ ನಿನಗೆ ವಾರಕ್ಕೊಮ್ಮೆ ಬಾ ಎಂದು ಹೇಳಿ ಕಳಿಸಿಬಿಡುತ್ತಿದ್ದೆ.

ಕಲಾಯಿಗಾರನಿಗೆ ಒಂದು ಅಭ್ಯಾಸವಿತ್ತು. ಮರದ ಕೆಳಗೆ ಎಲ್ಲರ ಎದುರಿಗೇ ಪಾತ್ರೆಯನ್ನು ಎತ್ತಿ ಹಿಡಿದು ನೋಡಿ, ಅಲ್ಲಿಂದಲೇ ಕೂಗಿ ಸರದಿ ಹೇಳುತ್ತಿದ್ದ. ತಿದಿಯ ಸದ್ದಿನಲ್ಲಿ ಮೆಲ್ಲಗೆ ಹೇಳಿದರೆ ಕೇಳುವುದಿಲ್ಲವಲ್ಲ. ಎರಡು ತಿಂಗಳು ಎಂದು ಕೂಗಿದರೆ ಆ ಮನೆಯವಳು ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದಳು. ನಾಲ್ಕು ತಿಂಗಳು ಎಂದರೆ ಸೊಂಟದ ಮೇಲಿಟ್ಟುಕೊಂಡು ಬೀದಿಯ ನಡುವೆ ನಡೆಯುತ್ತಿದ್ದಳು. ನೋಡನೋಡುತ್ತಿದ್ದಂತೆ ಅದು ಹೆಂಗಸರ ಮರ್ಯಾದೆಯ ಮಾತಾಯಿತು. ನಾಲ್ಕು ತಿಂಗಳ ಮನೆ ಎಂದರೆ ಅಚ್ಚುಕಟ್ಟಾದ ಮನೆ. ಎರಡು ತಿಂಗಳ ಮನೆ ಎಂದರೆ ಪಾತ್ರೆ ಉಜ್ಜಲು ಬಾರದವರ ಮನೆ. ಹೆಣ್ಣು ನೋಡಲು ಹೋದವರು, ನಿಮ್ಮದು ಎಷ್ಟು ತಿಂಗಳ ಮನೆ ಎಂದು ಕೇಳುವ ಮಟ್ಟಕ್ಕೆ ಬಂತು.

ಇದನ್ನೆಲ್ಲ ಕಲಾಯಿಗಾರ ಕಂಡ. ಕಂಡೂ ಸುಮ್ಮನಿದ್ದ. ಸರದಿ ಉದ್ದವಾದಷ್ಟೂ ಅದು ತನ್ನ ಕೈಯ ಹೆಚ್ಚುಗಾರಿಕೆ ಎಂದು ಅವನು ತಿಳಿದುಕೊಂಡಿದ್ದ.

ಸಾಹುಕಾರನ ಮನೆಯಲ್ಲಿ ದಿನವೂ ಹನ್ನೆರಡು ಜನ ಉಣ್ಣುತ್ತಿದ್ದರು. ಅಡುಗೆ, ಬೀಗದ ಕೈ ಎಲ್ಲ ಹಿರಿಯ ಸೊಸೆಯದು. ಕೈ ಚುರುಕಿನ ಹೆಂಗಸು, ಮೂಗಿನ ತುದಿಯಲ್ಲಿ ಮಾನ. ಮೊದಲನೇ ಸಲ ಅವಳ ಪಾತ್ರೆಗಳನ್ನು ಎತ್ತಿ ನೋಡಿ ಕಲಾಯಿಗಾರ ಎರಡು ತಿಂಗಳು ಎಂದು ಕೂಗಿದ್ದ. ಹನ್ನೆರಡು ಜನರ ಮನೆಗೆ ಅದು ಸರಿಯಾದ ಲೆಕ್ಕವೇ. ಆದರೆ ಎದುರು ಮನೆಯವಳು ನಕ್ಕಳು. ಸೊಸೆಗೆ ಆ ನಗು ಒಳಗೆಲ್ಲೋ ಚುಚ್ಚಿಕೊಂಡಿತು. ಮೂರು ದಿನ ಅವಳಿಗೆ ಊಟ ಸೇರಲಿಲ್ಲ.

ಆಮೇಲೆ ಅವಳು ಒಂದು ಉಪಾಯ ಮಾಡಿದಳು. ಕಲಾಯಿ ಆಗಿ ಬಂದ ನಾಲ್ಕು ದೊಡ್ಡ ಪಾತ್ರೆಗಳನ್ನು ಒರೆಸಿ ಅಟ್ಟಣಿಗೆಯ ಮೇಲೆ ಸಾಲಾಗಿ ಇಟ್ಟುಬಿಟ್ಟಳು. ತವರುಮನೆಯಿಂದ ತಂದ ಹಳೆಯ ಎರಡು ಪಾತ್ರೆಗಳನ್ನು ಇಳಿಸಿಕೊಂಡು ದಿನದ ಅಡುಗೆಯನ್ನು ಅವುಗಳಲ್ಲೇ ಮಾಡತೊಡಗಿದಳು. ಸರದಿಯ ದಿನ ಅಟ್ಟಣಿಗೆಯ ನಾಲ್ಕು ಪಾತ್ರೆಗಳು ಮರದ ಕೆಳಗೆ ಹೋಗುತ್ತಿದ್ದವು. ಒಲೆಯ ಎರಡು ಪಾತ್ರೆಗಳು ರಾಗಿ ತುಂಬಿದ ಗುಡಾಣದ ಹಿಂದೆ ಅಡಗಿ ಕೂರುತ್ತಿದ್ದವು.

ಮುಂದಿನ ಸರದಿಯಲ್ಲಿ ಕಲಾಯಿಗಾರ ಅವಳ ಪಾತ್ರೆ ನೋಡಿ ನಾಲ್ಕು ತಿಂಗಳು ಎಂದ. ಅದರ ಮುಂದಿನ ಸರದಿಯಲ್ಲಿ ಒಂದು ಪಾತ್ರೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ತವರ ನಿನ್ನೆ ಬಳಿದ ಹಾಗಿತ್ತು. "ಆರು ತಿಂಗಳು!" ಎಂದು ಕೂಗಿಬಿಟ್ಟ. ಬೀದಿಯೇ ತಿರುಗಿ ನೋಡಿತು. ಅಲ್ಲಿಯ ತನಕ ಯಾರಿಗೂ ಆರು ತಿಂಗಳ ಸರದಿ ಸಿಕ್ಕಿರಲಿಲ್ಲ. ಎದುರು ಮನೆಯವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಸಾಯಂಕಾಲ ಹೆಂಡತಿ ಗಂಡನನ್ನು ಕೇಳಿದಳು. "ಹನ್ನೆರಡು ಜನ ಉಣ್ಣೋ ಮನೇಲಿ ಆರು ತಿಂಗ್ಳು ಹೆಂಗೆ ಬರತ್ತೆ?"

"ಬಳಿದ ಕೈ ಯಾರ್ದು ಅಂತ ನೋಡು," ಅಂದ ಅವನು.

ಐದನೇ ತಿಂಗಳಲ್ಲಿ ಒಂದು ದಿನ ಸೊಸೆ ಬೆಳಿಗ್ಗೆ ಹುಣಸೇಹಣ್ಣು ಹೆಚ್ಚಿಗೆ ಹಾಕಿ ಹುಳಿ ಮಾಡಿದಳು. ಅದು ಮಧ್ಯಾಹ್ನದ ತನಕ ಆ ಪಾತ್ರೆಯಲ್ಲೇ ಉಳಿಯಿತು. ಆ ಪಾತ್ರೆ ತವರ ಕಂಡು ವರ್ಷದ ಮೇಲಾಗಿತ್ತು. ಸಾಹುಕಾರ ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಉಂಡ. ಸ್ವಲ್ಪ ಹೊತ್ತಿಗೆಲ್ಲ ಅವನೂ ಇಬ್ಬರು ಮೊಮ್ಮಕ್ಕಳೂ ಹಿತ್ತಿಲಿಗೆ ಓಡಿದರು. ಪುಣ್ಯಕ್ಕೆ ಯಾರಿಗೂ ಹೆಚ್ಚೇನೂ ಆಗಲಿಲ್ಲ. ಮಾರನೇ ದಿನದ ಹೊತ್ತಿಗೆ ಮಕ್ಕಳು ಆಡಿಕೊಂಡಿದ್ದವು. ಸಾಹುಕಾರ ಮಾತ್ರ ಮಂಚದ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತು ಕಲಾಯಿಗಾರನನ್ನು ಕರೆಸಿದ.

"ಆರು ತಿಂಗ್ಳು ಅಂತ ಊರಿಗೆಲ್ಲ ಕೇಳೋ ಹಂಗೆ ಕೂಗಿದ್ಯಲ್ಲ, ಐದಕ್ಕೇ ನನ್ನ ಹೊಟ್ಟೆ ಕೂಗ್ತು. ಸಾಕು ನಿನ್ನ ಸರದಿ. ನಮಗೆ ಬೇಕಾದಾಗ ಬೇರೆಯವ್ರನ್ನ ಕರೆಸ್ಕೋತೀವಿ. ಬರೋ ಸಂತೆ ಹೊತ್ತಿಗೆ ಗಾಣದ ಮನೆ ಖಾಲಿ ಮಾಡು."

ಸಾಹುಕಾರನ ಮನೆ ಬಿಟ್ಟರೆ ಬೀದಿ ಬಿಡುತ್ತದೆ, ಬೀದಿ ಬಿಟ್ಟರೆ ಊರು ಬಿಡುತ್ತದೆ ಎಂದು ಕಲಾಯಿಗಾರನಿಗೆ ಗೊತ್ತಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದ. ಮತ್ತೆ ದಾರಿಗೆ ಬೀಳಬೇಕು ಎಂದು ಹೇಳುವಾಗ ಅವನ ಕಣ್ಣು ತುಂಬಿತು. ಹೆಂಡತಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ಆ ಪಾತ್ರೆ ನೋಡ್ದೆ ನಾನು ಈ ಬಾಗ್ಲು ಬಿಡಲ್ಲ. ಏಳು," ಅಂದಳು.

ಇಬ್ಬರೂ ಸಾಹುಕಾರನ ಮನೆಯ ಹಿತ್ತಿಲ ಬಾಗಿಲಿಗೆ ಹೋದರು. ಪಾತ್ರೆ ತೋರಿಸಿ ಎಂದು ಕೇಳಿದರು. ಸೊಸೆ ನಾಲ್ಕು ಪಾತ್ರೆಗಳನ್ನು ತಂದಿಟ್ಟಳು. ನಾಲ್ಕೂ ಬೆಳ್ಳಗಿದ್ದವು. ಕಲಾಯಿಗಾರನಿಗೆ ಏನೂ ಅರ್ಥವಾಗಲಿಲ್ಲ. ಹೆಂಡತಿ ಒಂದನ್ನು ಕವುಚಿ ಹಾಕಿ ತಳ ನೋಡಿದಳು. ಕಲಾಯಿಯ ಬೆಂಕಿಯಲ್ಲಿ ಹಳೆಯ ಮಸಿ ಸುಟ್ಟುಹೋಗುತ್ತದೆ, ಆದರೆ ಆಮೇಲೆ ಎಷ್ಟೇ ಉಜ್ಜಿದರೂ ಒಲೆ ಏರುವ ಪಾತ್ರೆಯ ತಳದ ಅಂಚಿನಲ್ಲಿ ಮಸಿಯ ಗೆರೆ ಉಳಿದೇ ಉಳಿಯುತ್ತದೆ. ಇದರಲ್ಲಿ ಅದು ಇರಲಿಲ್ಲ. ಅವಳು ತನ್ನ ಸಿಟ್ಟನ್ನೆಲ್ಲ ನುಂಗಿಕೊಂಡು ಮೆಲ್ಲಗೆ ಕೇಳಿದಳು.

"ಅಕ್ಕಾ, ನಿನ್ನೆ ಬೆಳಿಗ್ಗೆ ಯಾವುದ್ರಲ್ಲಿ ಬೇಯಿಸಿದ್ರಿ?"

ಸೊಸೆ ಒಳಗೆ ಹೋಗಿ ಗುಡಾಣದ ಹಿಂದಿನ ಎರಡು ಪಾತ್ರೆಗಳನ್ನು ತಂದು ಅವರ ಮುಂದೆ ಇಟ್ಟಳು. ಒಳಗೆಲ್ಲ ಹಳದಿ, ಮೂಲೆಯಲ್ಲಿ ಹಸಿರು. ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

"ಅವತ್ತು ಬೀದಿ ಮುಂದೆ ಎರಡು ತಿಂಗ್ಳು ಅಂದ್ರಲ್ಲ ಅಣ್ಣ, ನಂಗೆ ನೆಲ ಬಿರೀಬಾರ್ದಾ ಅನ್ನಿಸ್ತು. ಇನ್ನೊಂದ್ಸಲ ಹಂಗನ್ನಿಸ್ಕೋಬಾರ್ದು ಅಂತ ಹಿಂಗೆ ಮಾಡ್ದೆ. ಮಕ್ಕಳ ಹೊಟ್ಟೆಗೆ ಬರತ್ತೆ ಅಂತ ಗೊತ್ತಾಗ್ಲಿಲ್ಲ."

ಕಲಾಯಿಗಾರ ಅಲ್ಲೇ ನೆಲದ ಮೇಲೆ ಕೂತ. ಆರು ತಿಂಗಳು ಎಂದು ತಾನು ಕೂಗಿದ ಹೊತ್ತು ಅವನಿಗೆ ನೆನಪಾಯಿತು. ಅವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ತನ್ನ ಮೇಲೆ ನಾಚಿಕೆ ಬಂತು. ಅವನು ಮಾತಾಡದೆ ಹಿತ್ತಿಲಲ್ಲೇ ಗುಳಿ ತೋಡಿ, ಹೆಂಡತಿಯಿಂದ ತಿದಿ ತರಿಸಿ, ಆ ಎರಡು ಪಾತ್ರೆಗಳಿಗೆ ಮೊದಲು ಕಲಾಯಿ ಹಾಕಿದ. ಆಮೇಲೆ ಕೈ ತೊಳೆದುಕೊಂಡು ಸಾಹುಕಾರನ ಮಂಚದ ಮುಂದೆ ಹೋಗಿ ನಿಂತ.

"ತಪ್ಪು ನಂದು ಸಾವ್ಕಾರ್ರೇ," ಅಂದ.

"ನಿಂದೇ ಅಂತ ತಾನೇ ನಾನೂ ಹೇಳ್ತಿರೋದು?"

"ತವರದ್ದಲ್ಲ, ಕಣ್ಣಿಂದು. ಹೊರಗೆ ತಂದಿದ್ದನ್ನ ನೋಡಿ ಸರದಿ ಹೇಳ್ದೆ. ಒಲೆ ಮೇಲೆ ಇರೋದು ಯಾವ್ದು ಅಂತ ಕೇಳ್ಲೇ ಇಲ್ಲ."

ಅಷ್ಟಕ್ಕೇ ನಿಲ್ಲಿಸಿದ. ಸೊಸೆಯ ಹೆಸರು ಎತ್ತಲಿಲ್ಲ. ಸಾಹುಕಾರ ಅವನ ಮಾತು ಅರ್ಥವಾಗದೆ ಇನ್ನೊಂದು ಸಲ ಬೈಯಲು ಬಾಯಿ ತೆಗೆದ. ಬಾಗಿಲ ಹಿಂದೆ ನಿಂತಿದ್ದ ಸೊಸೆ ಆಗ ಹೊರಗೆ ಬಂದಳು. ಮಾವನ ಎದುರು ಅವಳು ನಿಂತು ಮಾತಾಡಿದ್ದು ಅದೇ ಮೊದಲು.

"ಮಾವ, ಅವರನ್ನ ಬೈಬೇಡಿ. ಪಾತ್ರೆ ಬಚ್ಚಿಟ್ಟೋಳು ನಾನು," ಎಂದು ನಡೆದದ್ದನ್ನೆಲ್ಲ ಹೇಳಿದಳು. ಎರಡು ತಿಂಗಳ ಮನೆ ಎನಿಸಿಕೊಳ್ಳುವುದು ಬೇಡವಾಗಿತ್ತು ಎಂದೂ ಹೇಳಿದಳು.

ಸಾಹುಕಾರ ಸೊಸೆಯ ಮುಖ ನೋಡಿದ. ಅವಳ ಕೈಯ ಅನ್ನವನ್ನು ಅವನು ಹದಿನಾಲ್ಕು ವರ್ಷ ಉಂಡಿದ್ದ. ಒಂದು ಸಲವೂ ಚೆನ್ನಾಗಿದೆ ಎಂದು ಹೇಳಿದವನಲ್ಲ. ಅವನಿಗೆ ನಗು ಬಂತು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ ನಕ್ಕ.

"ಹನ್ನೆರಡು ಜನಕ್ಕೆ ದಿನಾ ಬೇಯಿಸಿ ಹಾಕೋ ಪಾತ್ರೆ ಎರಡು ತಿಂಗ್ಳಿಗೆ ಸವೀದೆ ಇನ್ನೇನಮ್ಮ ಆಗತ್ತೆ? ಆರು ತಿಂಗ್ಳು ಸವೀದೆ ಇದ್ರೆ ನಾವೆಲ್ಲ ಉಪವಾಸ ಇದೀವಿ ಅಂತ ಅರ್ಥ." ಕಲಾಯಿಗಾರನ ಕಡೆ ತಿರುಗಿದ. "ಎರಡು ತಿಂಗ್ಳಿಗೆ ಬಾ. ಎದುರು ಮನೆಗೆ ಕೇಳೋ ಹಂಗೆ ಬಾ ಬೇಕಾದ್ರೆ. ಮನೆ ಖಾಲಿ ಮಾಡೋ ಮಾತು ನಾನು ಆಡೇ ಇಲ್ಲ."

ಆಡಿದ ಮಾತನ್ನು ಆಡೇ ಇಲ್ಲ ಎನ್ನುವುದು ಸಾಹುಕಾರರಿಗೆ ಸುಲಭ. ಈ ಸಲ ಅದರಿಂದ ಒಳ್ಳೆಯದೇ ಆಯಿತು.

ಮುಂದಿನ ಸರದಿಯಿಂದ ಕಲಾಯಿಗಾರ ದಿನಗಳನ್ನು ಬದಲಾಯಿಸಲಿಲ್ಲ. ಅದೇ ಸಂತೆಯ ಮಾರನೇ ದಿನ, ಅದೇ ಬೀದಿ. ಮರದ ಕೆಳಗೆ ಕೂರುವುದನ್ನು ಮಾತ್ರ ಬಿಟ್ಟ. ಬೆಳಗಿನ ಅಡುಗೆ ಆಗಿ ಒಲೆ ಇನ್ನೂ ಬಿಸಿಯಾಗಿರುವ ಹೊತ್ತಿಗೆ ಒಂದೊಂದೇ ಮನೆಯ ಹಿತ್ತಿಲ ಬಾಗಿಲಿಗೆ ಹೋಗಿ, "ಈಗ ಇಳಿಸಿದ್ದನ್ನ ಕೊಡವ್ವ, ತೊಳೀಬೇಡ," ಎಂದು ಕೇಳತೊಡಗಿದ.

ಹೆಂಗಸರು ಗಾಬರಿಯಾದರು. ಮುಸುರೆ ಪಾತ್ರೆಯನ್ನು ಯಾರಾದರೂ ಹೊರಗಿನವರ ಕೈಗೆ ಕೊಡುತ್ತಾರೆಯೇ? ಅನ್ನದ ಅಗುಳು ಅಂಟಿರುತ್ತದೆ, ಹುಳಿಯ ಜಿಡ್ಡು ಇರುತ್ತದೆ. ಒಂದು ಗಳಿಗೆ ತಾಳು, ಬೆಳಗಿ ಕೊಡುತ್ತೇವೆ ಎಂದರು. ಅವನು ಒಪ್ಪಲಿಲ್ಲ. ಬೆಳಗಿದ ಮೇಲೆ ಒಲೆಯಿಂದ ಇಳಿದದ್ದು ಯಾವುದೆಂದು ನನಗೆ ಗೊತ್ತಾಗುವುದಿಲ್ಲ ತಾಯಿ, ಕೊಡಿ, ನಾವೇ ತೊಳೆದುಕೊಳ್ಳುತ್ತೇವೆ ಎಂದ. ಆ ಬೀದಿಯಲ್ಲಿ ಮುಸುರೆ ಪಾತ್ರೆಯನ್ನು ಮೊದಲು ಕೊಟ್ಟವಳು ಸಾಹುಕಾರನ ಸೊಸೆ. ಬಾಗಿಲಲ್ಲಿ ನಿಂತು, ನಾಲ್ಕು ಜನ ನೋಡುವ ಹಾಗೆ ಕೊಟ್ಟಳು. ಅವಳೇ ಕೊಟ್ಟ ಮೇಲೆ ಉಳಿದವರಿಗೆ ಕೊಡದಿರಲು ಕಾರಣ ಸಿಗಲಿಲ್ಲ. ಎದುರು ಮನೆಯವಳ ಪಾತ್ರೆ ಹೊರಗೆ ಬಂದಾಗ ಅದೂ ಹಳದಿಯೇ. ನಾಲ್ಕು ತಿಂಗಳ ಮನೆಗಳು ಆ ಊರಲ್ಲಿ ಎಷ್ಟು ಇದ್ದವೋ ಅವುಗಳಲ್ಲಿ ಅರ್ಧಕ್ಕರ್ಧ ಎರಡು ತಿಂಗಳವು ಎಂದು ಆಗ ಗೊತ್ತಾಯಿತು.

ಯಾರ ಸರದಿ ಎಷ್ಟು ಎಂದು ಅವನು ಮತ್ತೆ ಕೂಗಲಿಲ್ಲ. ಹೆಂಡತಿ ಒಳಗೆ ಹೋಗಿ ಆಯಾ ಮನೆಯವಳಿಗೆ ಮಾತ್ರ ಹೇಳಿ ಬರುತ್ತಿದ್ದಳು. ಕೆಲಸ ಮೊದಲಿಗಿಂತ ಹೆಚ್ಚಾಯಿತು. ಆಮೇಲೂ ಆ ಗಾಣದ ಮನೆಯಲ್ಲಿ ಅವರು ಮೂವತ್ತು ವರ್ಷ ಇದ್ದರು. ಅಷ್ಟು ವರ್ಷದಲ್ಲಿ ಒಂದು ಸರದಿಯೂ ತಪ್ಪಲಿಲ್ಲ, ಆ ನಾಲ್ಕು ಊರಿನಲ್ಲಿ ಹುಳಿ ಉಂಡು ಯಾರೂ ಹಿತ್ತಿಲಿಗೆ ಓಡಲಿಲ್ಲ.

ಗುರುಗಳು ಕತೆ ನಿ‌ಲ್ಲಿಸಿದರು. ಮರುಳಪ್ಪನ ಮುಖದಲ್ಲಿ ಸಮಾಧಾನವಿತ್ತು. ಕತೆ ಅವನಿಗೆ ಹಿಡಿಸಿತ್ತು. ಅದರಿಂದ ತನ್ನ ಪ್ರಶ್ನೆಗೆ ಉತ್ತರವೂ ಸಿಕ್ಕಿತು ಎಂದುಕೊಂಡ.

"ತಿಳಿಯಿತು ಗುರುಗಳೇ. ದಿನ ಬದಲಾಯಿಸುವುದು ಬೇಡ, ಹುಣ್ಣಿಮೆಗೊಮ್ಮೆ ಬಂದರೆ ಸಾಕು ಎಂದು ತಾನೇ?" ಎಂದು ಕೇಳಿ, ಹೆಗಲ ಮೇಲಿನ ವಲ್ಲಿಯನ್ನು ಸರಿಮಾಡಿಕೊಂಡು ಏಳಲು ಸಿದ್ಧನಾದ.

"ದಿನ ಯಾವುದಾದರೂ ಇರಲಿ, ತೊಳೆಯದ ಪಾತ್ರೆ ತಾ ಮರುಳಪ್ಪ," ಎಂದರು ಗುರುಗಳು, "ಇವತ್ತು ಬೆಳಿಗ್ಗೆ ಮನೆ ಬಿಡುವಾಗ ಯಾರ ಮೇಲೆ ರೇಗಿ ಬಂದೆ, ಅದನ್ನು ಮೊದಲು ಹೇಳು."